ರೊಕ್ಕ ಯಾವಾಗ ಬರ್ತೈತಿ? ಬಿತ್ತುವ ಮೊದಲು ಬೆಳೆಗಳನ್ನು ತೂಗಿ ನೋಡುವ ಬಗೆ

ರೋಹಿಣಿ ಮಳೆ ಒಂದೆರಡು ಸಲ ಹದವಾಗಿ ಬಿದ್ದರೆ ಸಾಕು, ಗದಗಿನಿಂದ ರಾಣೆಬೆನ್ನೂರಿನವರೆಗೆ ಬೀಜದ ಅಂಗಡಿಗಳ ಮುಂದೆ ಒಂದೇ ಮಾತು: "ಈ ವರ್ಷ ಏನ್ ಹಾಕ್ತೀರಿ?" ಉತ್ತರ ಬಹಳ ಸಲ ಹೋದ ವರ್ಷದ ದರದಿಂದಲೇ ಹುಟ್ಟುತ್ತದೆ. ಹೋದ ಸಲ ಉಳ್ಳಾಗಡ್ಡಿಗೆ ರೇಟ್ ಬಂದಿದ್ದರೆ ಈ ಸಲ ಊರಿಗೆ ಊರೇ ಉಳ್ಳಾಗಡ್ಡಿ. ನಮ್ಮಪ್ಪನೂ ಹಾಗೇ ಲೆಕ್ಕ ಹಾಕುತ್ತಿದ್ದ. ಅವ್ವ ಮಾತ್ರ ರೊಟ್ಟಿ ಬಡಿಯುತ್ತಲೇ ಬೇರೆ ಮೂರು ಪ್ರಶ್ನೆ ಕೇಳುತ್ತಿದ್ದಳು: "ರೊಕ್ಕ ಯಾವಾಗ ಬರ್ತೈತಿ? ಯಾರ ಕೈಗೆ ಬರ್ತೈತಿ? ಕಸಾ ತಗಿಯಾವ್ರು ಯಾರು?"

ಬೆಳೆ ಆರಿಸುವಾಗ ಕ್ವಿಂಟಲ್ ದರಕ್ಕಿಂತ ಮೊದಲು ಕೇಳಬೇಕಾದದ್ದು ಈ ಮೂರನ್ನೇ ಎಂದು ನನಗೆ ಈಗ ಖಾತ್ರಿಯಾಗಿದೆ. ಸರಕಾರ ಜಿಲ್ಲೆಗೊಂದು ಮುಖ್ಯ ಉತ್ಪನ್ನ ಗುರುತಿಸಿದೆ. ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ ಗದಗಕ್ಕೆ ಬ್ಯಾಡಗಿ ಮೆಣಸಿನಕಾಯಿ, ಧಾರವಾಡಕ್ಕೂ ಹಾವೇರಿಗೂ ಮಾವು. ಜಿಲ್ಲೆಗೆ ಅದು ಸರಿ. ಆದರೆ ಆರು ಎಕರೆಯ ಮನೆಗೆ ಮುಖ್ಯ ಬೆಳೆ ಯಾವುದು ಎಂಬುದನ್ನು ಆ ಮನೆಯ ಮಣ್ಣು, ಆಳು, ಸಾಲ ಮೂರೂ ಕೂಡಿ ಹೇಳಬೇಕು. ಅವ್ವನ ತಕ್ಕಡಿಗೆ ನಾನು ಇನ್ನೊಂದೇ ಕಲ್ಲು ಸೇರಿಸಿದ್ದೇನೆ: ಬೆಳೆ ಕೈಕೊಟ್ಟರೆ ಎಷ್ಟು ಮುಳುಗುತ್ತೇವೆ?

ಮಣ್ಣಿನ ಮಾತು ಚುಟುಕಾಗಿ ಮುಗಿಸುತ್ತೇನೆ, ನಿಮ್ಮ ಹೊಲ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿಯ ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿ ಮಳೆ ನೀರು ಹಿಡಿದಿಟ್ಟುಕೊಂಡು ಹಿಂಗಾರಿ ಬೆಳೆಸುತ್ತದೆ. ಮುಂಡರಗಿ, ಶಿರಹಟ್ಟಿಯ ಮಸಾರಿ (ಕೆಂಪು ಮಣ್ಣು) ಶೇಂಗಾಕ್ಕೆ ಒಲಿಯುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಶೇಂಗಾ ತಳಿ ತುಕ್ಕು ರೋಗ, ಎಲೆಚುಕ್ಕೆ ರೋಗ ಎರಡನ್ನೂ ತಡೆಯುತ್ತದೆ, ಆದ್ದರಿಂದ ಹೊಟ್ಟೂ ಹಸಿರಾಗಿ ದನಕ್ಕೆ ಸಿಗುತ್ತದೆ. ಕಲಘಟಗಿ, ಹಾನಗಲ್ ಕಡೆ ಮಲೆನಾಡಿನ ಸೆರಗು, ಅಲ್ಲಿಯ ಲೆಕ್ಕವೇ ಬೇರೆ.

ಹೆಸರುಕಾಳು, ಆಮೇಲೆ ಕಡಲೆ

ನೀರಾವರಿ ಇಲ್ಲದ ಎರೆ ಹೊಲದವರು ಇದನ್ನೇ ಮೊದಲು ನೋಡಬೇಕು. ಜೂನ್ ಮೊದಲ ವಾರ ಬಿತ್ತಿದ ಹೆಸರು ಅರವತ್ತೈದು-ಎಪ್ಪತ್ತೈದು ದಿನಕ್ಕೆ ಕೈಗೆ ಬರುತ್ತದೆ. ಗಣೇಶ ಚೌತಿಯ ಹೊತ್ತಿಗೆ ರಾಶಿ ಮುಗಿದು ಚೀಲ ಮನೆಯಲ್ಲಿರುತ್ತದೆ. ಹಿಂಗಾರಿ ಬೀಜ-ಗೊಬ್ಬರದ ಖರ್ಚಿಗೆ ಬಡ್ಡಿ ಸಾಲ ತರುವ ಪ್ರಮೇಯವನ್ನು ಈ ಎರಡೂವರೆ ತಿಂಗಳ ಬೆಳೆ ತಪ್ಪಿಸುತ್ತದೆ. "ಯಾವಾಗ ಬರ್ತೈತಿ" ಎಂಬ ಅವ್ವನ ಪ್ರಶ್ನೆಗೆ ಇಷ್ಟು ಬೇಗ ಉತ್ತರ ಕೊಡುವ ಬೆಳೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಬೇರಿನ ಗಂಟು ನೆಲಕ್ಕೆ ಸಾರಜನಕ ಬಿಟ್ಟು ಹೋಗುತ್ತದೆ. ಅದೇ ನೆಲದಲ್ಲಿ ಅಕ್ಟೋಬರ್‌ನಲ್ಲಿ, ಹಸ್ತಾ-ಚಿತ್ತಿ ಮಳೆಯ ಹಸಿಗೆ ಕಡಲೆ ಬಿತ್ತಬಹುದು.

2025-26ರ ಬೆಂಬಲ ಬೆಲೆ ಹೆಸರಿಗೆ ಕ್ವಿಂಟಲ್‌ಗೆ 8,768 ರೂಪಾಯಿ. ಎಕರೆಗೆ ಮೂರು ಕ್ವಿಂಟಲ್ ಬಂತು ಅಂದುಕೊಳ್ಳಿ, 26,304 ರೂಪಾಯಿ. ಕಡಲೆಗೆ 2026ರಲ್ಲಿ ಮಾರುವ ಹಿಂಗಾರಿ ಫಸಲಿಗೆ ಘೋಷಿಸಿದ್ದು 5,875. ನಾಲ್ಕು ಕ್ವಿಂಟಲ್ ಹಿಡಿದರೆ 23,500. ಒಂದೇ ಎಕರೆಯಲ್ಲಿ ವರ್ಷಕ್ಕೆ ಎರಡು ಸಲ ಬಂದ ಹುಟ್ಟುವಳಿ ಇದು, ಅದೂ ಹೆಚ್ಚಿನ ಖರ್ಚಿಲ್ಲದೆ.

ಕುತ್ತು ಎಲ್ಲಿದೆ ಎಂದರೆ ರಾಶಿಯ ವಾರದಲ್ಲಿ. ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಕಾಳು ಬಣ್ಣ ಕೆಡುತ್ತದೆ, ಸರಕಾರದ ಖರೀದಿ ಕೇಂದ್ರದಲ್ಲಿ ಹಿಂದಕ್ಕೆ ಕಳಿಸುತ್ತಾರೆ. ತೇವ ಶೇಕಡಾ 12 ದಾಟಬಾರದು. ಕೇಂದ್ರ ತೆರೆಯುವುದು ತಡವಾದ ವರ್ಷ, ಕೈಯಲ್ಲಿ ಕಾಸಿಲ್ಲದವರು ಮೊದಲೇ ದಲಾಲಿ ಅಂಗಡಿಗೆ ಹಾಕಿ ಕೈತೊಳೆದುಕೊಂಡಿರುತ್ತಾರೆ. ಆದ್ದರಿಂದ ಹೆಸರು ಹಾಕುವ ಮನೆಗೆ ಒಂದು ತಾಡಪತ್ರಿ, ಒಣಗಿಸಲು ಒಂದು ಗಟ್ಟಿ ಕಣ, ಒಂದು ತಿಂಗಳು ಕಾಯುವ ತಾಕತ್ತು ಇರಬೇಕು. ತಳಿಯಲ್ಲಿ ಡಿಜಿಜಿವಿ-2 ಧಾರವಾಡದ್ದೇ, ಒಮ್ಮೆಗೇ ಮಾಗುವುದರಿಂದ ಬಿಡಿಸುವ ಕೂಲಿ ಉಳಿಯುತ್ತದೆ.

ಕಡಲೆಯಲ್ಲಿ ಅಣ್ಣಿಗೇರಿ-1 ನಮ್ಮ ಹೆಮ್ಮೆಯ ತಳಿ. ರುಚಿಗೆ, ಬಣ್ಣಕ್ಕೆ ಅದಕ್ಕೆ ಅದೇ ಸಾಟಿ. ಸಿಡಿ ಹಾಯುವುದೊಂದೇ, ಅಂದರೆ ಗಿಡ ಸೊರಗಿ ಒಣಗುವ ರೋಗವೊಂದೇ ಅದರ ಕೊರತೆಯಾಗಿತ್ತು. ಅದನ್ನು ನೀಗಲೆಂದೇ 2019ರಲ್ಲಿ ಸೂಪರ್ ಅಣ್ಣಿಗೇರಿ-1 ಬಂತು. ವರ್ಷ ವರ್ಷ ಒಂದೇ ಹೊಲದಲ್ಲಿ ಕಡಲೆ ಹಾಕುವವರು ಬೀಜ ಬದಲಿಸುವುದು ಒಳ್ಳೆಯದು. ಕುಡಿ ಚಿವುಟುವ ದಿನಗಳಲ್ಲಿ ಹೆಣ್ಣುಮಕ್ಕಳು ಮಡಿಲು ತುಂಬ ತರುವ ಕಡಲೆ ಸೊಪ್ಪು ಸಂತೆಯಲ್ಲಿ ಮಾರಾಟವಾಗುತ್ತದೆ. ಆ ಕಾಸು ಚಿಕ್ಕದು, ಆದರೆ ನೇರ ಅವರ ಕೈಗೇ ಬರುತ್ತದೆ.

ಗೋವಿನಜೋಳ

ಹಾವೇರಿ ಜಿಲ್ಲೆಯನ್ನು ಗೋವಿನಜೋಳ (ಮೆಕ್ಕೆಜೋಳ) ಆವರಿಸಿಕೊಂಡದ್ದಕ್ಕೆ ಕಾರಣ ದುರಾಸೆಯಲ್ಲ, ಆಳಿನ ಅಭಾವ. ಬಿತ್ತಿ, ಕಳೆನಾಶಕ ಹೊಡೆದು, ಎರಡು ಸಲ ಯೂರಿಯಾ ಕೊಟ್ಟು, ಕೊನೆಗೆ ಮಷಿನ್ ತರಿಸಿದರೆ ಮುಗಿಯಿತು. ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿ ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿದ್ದರೆ ಈ ಬೆಳೆಯನ್ನು ನಾನು ಬೇಡ ಎನ್ನಲಾರೆ.

ಆದರೆ ಇದೊಂದೇ ಬೆಳೆಗೆ ಹೊಲವಿಡೀ ಒಪ್ಪಿಸಿದವರ ಗತಿ ಏನಾಗುತ್ತದೆಂದು 2025ರಲ್ಲಿ ಕಂಡೆವು. ಬೆಂಬಲ ಬೆಲೆ 2,400 ಇತ್ತು. ಫಸಲು ಬರುವ ಹೊತ್ತಿಗೆ ಮಾರುಕಟ್ಟೆ ಎರಡು ಸಾವಿರದ ಕೆಳಗಿಳಿದಿತ್ತು. ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ಖರೀದಿ ಕೇಂದ್ರಕ್ಕಾಗಿ ರೈತರು ಧರಣಿ ಕೂತರು. ಇಪ್ಪತ್ತು ಕ್ವಿಂಟಲ್ ಬೆಳೆದವನಿಗೆ ಕ್ವಿಂಟಲ್‌ಗೆ 600 ರೂಪಾಯಿ ತಪ್ಪಿದರೂ ಎಕರೆಗೆ 12,000 ಹೋಯಿತು. ಹೆಸರಿನ ಗಿಡ ನೆಲಕ್ಕೆ ಕೊಟ್ಟು ಹೋಗುತ್ತದೆ, ಗೋವಿನಜೋಳ ನೆಲದಿಂದ ಎತ್ತಿಕೊಂಡು ಹೋಗುತ್ತದೆ. ಮುಂದಿನ ವರ್ಷದ ಗೊಬ್ಬರದ ಬಿಲ್ಲಿನಲ್ಲಿ ಅದು ಕಾಣುತ್ತದೆ. 2018ರಲ್ಲಿ ನಮ್ಮ ರಾಜ್ಯದಲ್ಲೇ ಮೊದಲು ಕಾಣಿಸಿದ ಫಾಲ್ ಸೈನಿಕ ಹುಳುವಿನ ಔಷಧದ ಖರ್ಚೂ ಈಗ ಲೆಕ್ಕಕ್ಕೆ ಬರುತ್ತದೆ. ಮಾರುವಾಗ ತೇವ ಶೇಕಡಾ 14ಕ್ಕೆ ಇಳಿಸಿ ಒಯ್ಯಿರಿ. ರಸ್ತೆಯ ಮೇಲೆ ಎರಡು ದಿನ ಹೆಚ್ಚು ಒಣಗಿಸಿದವನಿಗೆ ಸೂಟು (ತೂಕದಲ್ಲಿ ಕಳೆಯುವ ಕಡಿತ) ಕಡಿಮೆ ಬೀಳುತ್ತದೆ.

ಮೆಣಸಿನಕಾಯಿ: ಹೆಸರು ದೊಡ್ಡದು, ಹಣೆಬರಹವೂ ದೊಡ್ಡದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಸೀಮೆಯ ಹೆಸರನ್ನು ದೇಶದ ಅಡುಗೆಮನೆಗಳಿಗೆ ಒಯ್ದದ್ದು ಈ ಬೆಳೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈ ತುಂಬ ಸುಕ್ಕು. ಕಾಯಿಯಿಂದ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳಿಗೆ ಬೇಕಾದದ್ದೂ ಈ ಬಣ್ಣವೇ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯಲ್ಲಿ ಗಿಡ್ಡಗೆ, ದಪ್ಪಗೆ ಇರುವ ಡಬ್ಬಿಗೆ ಮೇಲುಗೈ.

ಆದರೆ ಬ್ಯಾಡಗಿ ಮಾರುಕಟ್ಟೆಗೆ ಬರುವುದೆಲ್ಲ ಬ್ಯಾಡಗಿ ತಳಿಯಲ್ಲ, ಹಾವೇರಿಯದ್ದೂ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ನೀರಾವರಿ ಹೊಲಗಳಿಂದ ಲಾರಿಗಟ್ಟಲೆ ಹೈಬ್ರಿಡ್ ಕಾಯಿ ಬಂದು ಬೀಳುತ್ತದೆ. ಅವರ ಎಕರೆ ಇಳುವರಿಯ ಮುಂದೆ ಮಳೆಯನ್ನೇ ನಂಬಿದ ಕುಂದಗೋಳ, ಶಿಗ್ಗಾಂವಿಯ ಎರಡು-ಮೂರು ಕ್ವಿಂಟಲ್ ಏನೂ ಅಲ್ಲ. ತೂಕದಲ್ಲಿ ನಾವು ಅವರನ್ನು ಗೆಲ್ಲಲಾರೆವು. ಬಣ್ಣದಲ್ಲಿ, ವಾಸನೆಯಲ್ಲಿ ಗೆಲ್ಲಬಹುದು. ಹೈಬ್ರಿಡ್ ಬೀಜ ತಂದು, ಅವರಷ್ಟೇ ಔಷಧ ಹೊಡೆದು, ನೀರಿಲ್ಲದೆ ಅರ್ಧ ಇಳುವರಿ ತೆಗೆಯುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಮಳೆಯಾಶ್ರಯದಲ್ಲಿ ಮೆಣಸಿನಕಾಯಿ ಹಾಕುವುದಾದರೆ ಡಬ್ಬಿಯನ್ನೇ ಹಾಕಿ, ಒಳ್ಳೆಯ ಕಾಯಿ ಆರಿಸಿ ಬೀಜ ನೀವೇ ಇಟ್ಟುಕೊಳ್ಳಿ.

ಅದನ್ನು ಒಂಟಿಯಾಗಿಯೂ ಹಾಕಬೇಡಿ. ನಮ್ಮ ಹಿರಿಯರು ಕಂಡುಕೊಂಡಿದ್ದ ಮೆಣಸಿನಕಾಯಿ-ಉಳ್ಳಾಗಡ್ಡಿ-ಹತ್ತಿಯ ಮಿಶ್ರ ಬೆಳೆ ನನ್ನ ಕಣ್ಣಿಗೆ ಈ ಸೀಮೆಯ ಬಹುದೊಡ್ಡ ಜಾಣತನ. ಒಂದೇ ಹೊಲದಲ್ಲಿ ಮೂರೂ ಬೆಳೆ ಇರುತ್ತವೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉಳ್ಳಾಗಡ್ಡಿ ಕಿತ್ತು ಹಬ್ಬದ ಖರ್ಚು ಕಳೆಯುತ್ತದೆ. ಆಮೇಲೆ ಬಯಲಾದ ಜಾಗದಲ್ಲಿ ಮೆಣಸಿನ ಗಿಡ ಹರಡಿ ಡಿಸೆಂಬರ್‌ನಿಂದ ಕಾಯಿ ಕೊಡುತ್ತದೆ. ಹತ್ತಿ ಎಲ್ಲಕ್ಕಿಂತ ಕೊನೆಗೆ ಒಡೆಯುತ್ತದೆ. ಒಂದಕ್ಕೆ ದರ ಬೀಳಲಿ, ಇನ್ನೊಂದಕ್ಕೆ ರೋಗ ಬರಲಿ, ಮೂರನೆಯದು ಮನೆ ಹಿಡಿದು ನಿಲ್ಲಿಸುತ್ತದೆ. ರೊಕ್ಕ ಮೂರು ಕಂತಿನಲ್ಲಿ ಬರುತ್ತದೆ. ಕಷ್ಟ ಏನೆಂದರೆ ಇದಕ್ಕೆ ಕಳೆನಾಶಕ ನಡೆಯುವುದಿಲ್ಲ, ಮಷಿನ್ ನಡೆಯುವುದಿಲ್ಲ. ಕೂತು ಕಸ ತೆಗೆಯಬೇಕು. ಅವ್ವನ ಮೂರನೆಯ ಪ್ರಶ್ನೆ ಇಲ್ಲಿ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಮೂರ್ನಾಲ್ಕು ಜನ ದುಡಿಯುವ ಕೈ ಇಲ್ಲದಿದ್ದರೆ, ಅಥವಾ ಮುಯ್ಯಾಳಿಗೆ (ಆಳಿಗೆ ಬದಲು ಆಳಾಗಿ) ಬರುವ ನೆರೆಹೊರೆ ಇಲ್ಲದಿದ್ದರೆ, ಒಂದು ಎಕರೆಗಿಂತ ಹೆಚ್ಚು ಕೈ ಹಾಕಬೇಡಿ.

ಮುರುಟು ರೋಗ ಮೊದಲಿನಿಂದಲೂ ಇದ್ದದ್ದೇ. 2021-22ರಲ್ಲಿ ಹೊಸ ಜಾತಿಯ ಕಪ್ಪು ಥ್ರಿಪ್ಸ್ ದಕ್ಷಿಣದ ಮೆಣಸಿನ ಸೀಮೆಯನ್ನೆಲ್ಲ ಹಾಳುಗೆಡವಿತು. ಹೂವಿನಲ್ಲೇ ಕೂತು ತಿನ್ನುವ ಹುಳು ಅದು. ಔಷಧದ ಮೇಲೆ ಔಷಧ ಸುರಿದವರಿಗೆ ಹುಳುವೂ ಹೋಗಲಿಲ್ಲ, ಸಾಲವೂ ಉಳಿಯಿತು. ದರದ ಏರಿಳಿತಕ್ಕೆ 2024ರ ಮಾರ್ಚ್ 11 ಸಾಕ್ಷಿ. ಅಂದು ಸೋಮವಾರ, ಬ್ಯಾಡಗಿಯ ಮಾರಾಟದ ದಿನ. ದರ ಒಮ್ಮೆಲೇ ಕುಸಿಯಿತೆಂದು ರೊಚ್ಚಿಗೆದ್ದ ಜನ ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮೆಣಸಿನಕಾಯಿಗಾಗಲಿ ಉಳ್ಳಾಗಡ್ಡಿಗಾಗಲಿ ಬೆಂಬಲ ಬೆಲೆ ಇಲ್ಲ ಎಂಬುದನ್ನು ಬೀಜ ಒಯ್ಯುವ ದಿನವೇ ನೆನಪಿಟ್ಟುಕೊಳ್ಳಬೇಕು.

ಹಾಗಿದ್ದೂ ಈ ಬೆಳೆಗೊಂದು ಬಲವಿದೆ: ಒಣಗಿಸಿ ಇಡಬಹುದು. ಬ್ಯಾಡಗಿಯ ಸುತ್ತ ಶೀತಲ ಗೋದಾಮುಗಳಿವೆ. ಬಣ್ಣ ಕೆಡದಂತೆ ಕಾಯಬಹುದು, ರಸೀದಿಯ ಮೇಲೆ ಸಾಲವೂ ಸಿಗುತ್ತದೆ. ಆದರೆ ಬಾಡಿಗೆ, ಬಡ್ಡಿ ಎರಡನ್ನೂ ಕೂಡಿಸಿ ನೋಡದೆ ಇಡಬೇಡಿ. ಮನೆಯಲ್ಲೇ ಬಿಳಿಗಾಯಿ, ಕೊಳೆತದ್ದು ಆರಿಸಿ ತೆಗೆದು, ಡಬ್ಬಿ-ಕಡ್ಡಿ ಬೇರೆ ಮಾಡಿ ಚೀಲ ತುಂಬಿದರೆ ಟೆಂಡರ್‌ನಲ್ಲಿ ಸಿಗುವ ದರವೇ ಬೇರೆ. ಈ ಆರಿಸುವ ಕೆಲಸ ಮಾಡುವವರು ಹೆಣ್ಣುಮಕ್ಕಳು. ಕೆಮ್ಮಿ, ಕಣ್ಣುರಿದು ಮಾಡುತ್ತಾರೆ. ಹೆಚ್ಚು ಬಂದ ದರದಲ್ಲಿ ಅವರ ಪಾಲು ಎಷ್ಟು ಎಂದು ಗಂಡಸರು ಕೇಳಿಕೊಳ್ಳಬೇಕು.

ಉಳ್ಳಾಗಡ್ಡಿ ಮತ್ತು ಹತ್ತಿ

ಉಳ್ಳಾಗಡ್ಡಿಯ ಬಗ್ಗೆ ನನಗೆ ತಣ್ಣಗೆ ಬರೆಯಲು ಆಗುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಅಪ್ಪ ನಾಲ್ಕು ಎಕರೆ ಪೂರ್ತಿ ಉಳ್ಳಾಗಡ್ಡಿ ಹಾಕಿದ. ಕೀಳುವ ವಾರ ಮಳೆ ಹಿಡಿಯಿತು. ಹೊಲದ ಬದುವಿನಲ್ಲಿ ಗುಡ್ಡೆ ಹಾಕಿದ್ದು ಕೊಳೆತು ವಾಸನೆ ಊರತನಕ ಬಂತು. ಉಳಿದದ್ದನ್ನು ಮಾರುಕಟ್ಟೆಗೆ ಒಯ್ದರೆ ಲಾರಿ ಬಾಡಿಗೆ, ಹಮಾಲಿ, ಚೀಲದ ದುಡ್ಡು ಕಳೆದು ಅಪ್ಪನೇ ಕೈಯಿಂದ ಕೊಟ್ಟು ಬರಬೇಕಾಯಿತು. ಅಪ್ಪ ಅಂದು ಬಸ್ಸಿಳಿದು ಮನೆಗೆ ಬಂದು ಮಾತಾಡಲಿಲ್ಲ. ಅವ್ವನೂ ಏನೂ ಕೇಳಲಿಲ್ಲ.

ನಮ್ಮ ಮುಂಗಾರಿ ಗಡ್ಡೆ ನೀರು ಕುಡಿದು ಬೆಳೆದದ್ದು, ಬಹಳ ದಿನ ತಾಳುವುದಿಲ್ಲ. ಮೇಲಾಗಿ ದರದ ಬಾಗಿಲು ದಿಲ್ಲಿಯಲ್ಲಿದೆ: 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇಕಡಾ 40 ಸುಂಕ, ಡಿಸೆಂಬರ್‌ನಿಂದ 2024ರ ಮೇ ತನಕ ರಫ್ತೇ ಬಂದ್. ಮಿಶ್ರ ಬೆಳೆಯಲ್ಲಿ ಒಂದು ಸಾಲಾಗಿ ಇರಲಿ. ಅದೊಂದನ್ನೇ ನಂಬಿ ಮನೆ ನಡೆಸಬೇಡಿ.

ಹತ್ತಿಯಲ್ಲಿ ನಮಗೆ ದೊಡ್ಡ ಪರಂಪರೆಯಿದೆ. ಮೊದಲ ಅಂತರ್‌ಜಾತಿ ಹೈಬ್ರಿಡ್ ಹತ್ತಿ ವರಲಕ್ಷ್ಮಿಯನ್ನು ಡಾ. ಕಾಟರಕಿ ಅವರು 1970ರ ದಶಕದ ಆರಂಭದಲ್ಲಿ ಇಲ್ಲೇ ಕೊಟ್ಟರು, ಮುಂದೆ ಡಿಸಿಎಚ್-32 ಧಾರವಾಡದಿಂದ ಬಂತು. ಈಗ ಹೊಲದಲ್ಲಿ ಇರುವುದು ಬಹುತೇಕ ಬಿಟಿ, ಅಂದರೆ ಕಾಯಿಕೊರಕ ಹುಳು ತಡೆಯಲೆಂದೇ ಕುಲಾಂತರಿಸಿದ ಹತ್ತಿ, ಮತ್ತು ಗುಲಾಬಿ ಕಾಯಿಕೊರಕ ಅದನ್ನೂ ಜಯಿಸಿದೆ. ಜನವರಿಯ ನಂತರ ಗಿಡ ಹೊಲದಲ್ಲಿ ಬಿಡಬೇಡಿ, ಹುಳು ಅಲ್ಲೇ ಮುಂದಿನ ವರ್ಷಕ್ಕೆ ಕಾಯುತ್ತದೆ. 2025-26ರ ಬೆಂಬಲ ಬೆಲೆ ಮಧ್ಯಮ ಎಳೆಗೆ 7,710, ಉದ್ದ ಎಳೆಗೆ 8,110. ಭಾರತೀಯ ಹತ್ತಿ ನಿಗಮಕ್ಕೆ ಮಾರಲು ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಮೊದಲೇ ಹೆಸರು ಹಚ್ಚಬೇಕು, ತೇವ ಶೇಕಡಾ 12ರೊಳಗಿರಬೇಕು. ಹತ್ತಿ ಬಿಡಿಸುವ ಕೂಲಿ ಕೊಟ್ಟು ಉಳಿಯುವುದೆಷ್ಟು ಎಂದು ನೋಡಿದರೆ ದರಪಟ್ಟಿ ಅಷ್ಟು ಚೆಂದ ಕಾಣುವುದಿಲ್ಲ.

ರಾಣೆಬೆನ್ನೂರಿನ ಬೀಜೋತ್ಪಾದನೆ

ಹತ್ತು-ಇಪ್ಪತ್ತು ಗುಂಟೆಯಲ್ಲಿ ನೆರಳು ಪರದೆ ಕಟ್ಟಿ ಟೊಮೆಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ಬೆಳೆದು ಕಂಪನಿಗೆ ಕೊಡುವುದು ರಾಣೆಬೆನ್ನೂರು, ಹಿರೇಕೆರೂರು ಭಾಗದಲ್ಲಿ ಬಹಳ ಮನೆಗಳನ್ನು ಎತ್ತಿ ನಿಲ್ಲಿಸಿದೆ. ತುಂಡು ಭೂಮಿಯಿಂದ ಇಷ್ಟು ದುಡಿಮೆ ತೆಗೆಯುವ ದಾರಿ ಇನ್ನೊಂದು ನಾನು ಕಂಡಿಲ್ಲ. ಬೋರ್‌ವೆಲ್ ಇರಬೇಕು, ಮತ್ತು ಕ್ರಾಸಿಂಗ್ ಮಾಡುವ ಚುರುಕು ಕೈಗಳಿರಬೇಕು. ದಿನಾ ಮೊಗ್ಗಿನಿಂದ ಗಂಡು ಭಾಗ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸುವುದು ಸೂಜಿಯಷ್ಟು ಸೂಕ್ಷ್ಮ ಕೆಲಸ.

ದುಡ್ಡು ಮಾತ್ರ ತಡ. ಬೀಜ ಕೊಟ್ಟ ಮೇಲೆ ಮೊಳಕೆ ಪರೀಕ್ಷೆ, ತಳಿ ಶುದ್ಧತೆಯ ಪರೀಕ್ಷೆ ಆಗಿ ಪಾಸಾದರೇ ಪೂರ್ತಿ ರೊಕ್ಕ. ಫೇಲ್ ಎಂದರೆ ಇಡೀ ಹಂಗಾಮಿನ ಬೆವರು ಹೋಯಿತು. ಆದ್ದರಿಂದ ದರ, ಮುಂಗಡ, ಪರೀಕ್ಷೆಯ ಗಡುವು, ಫೇಲಾದರೆ ಮರುಪರೀಕ್ಷೆ ಇವು ಕಾಗದದ ಮೇಲೆ ಇರಬೇಕು, ಕಾಗದದ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಬೇಕು. ಕಂಪನಿಯ ಪರವಾಗಿ ಊರಲ್ಲಿ ಓಡಾಡುವ ಸಂಘಟಕನ ಬಾಯಿಮಾತು ನಂಬಿ ಪರದೆಗೆ ಸಾಲ ತೆಗೆಯಬೇಡಿ.

ಎಮ್ಮೆ

ಇದು ಬೆಳೆಯಲ್ಲ, ಆದರೂ ಹೋಲಿಕೆಯಲ್ಲಿ ಇರಲೇಬೇಕು. ಹಾಲಿನ ಡೇರಿಯ ರೊಕ್ಕ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಮಹಿಳಾ ಸಂಘವಾದರೆ ಹೆಂಡತಿಯ ಖಾತೆಗೇ ಬೀಳುತ್ತದೆ, ಸರಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಅದರ ಮೇಲೆ. ಅವ್ವನ ಮೊದಲ ಎರಡೂ ಪ್ರಶ್ನೆಗೆ ಪೂರ್ತಿ ಅಂಕ ಪಡೆಯುವುದು ಎಮ್ಮೆ ಮಾತ್ರ. ಮುರ್ರಾ ತಳಿಯ ಎಮ್ಮೆ ತರುವ ಮೊದಲು ಹಸಿ ಮೇವು ಎಷ್ಟಿದೆ ನೋಡಿ. 2021ರಲ್ಲಿ ದೇಶೀ ತಳಿ ಎಂದು ನೋಂದಣಿಯಾದ ನಮ್ಮದೇ ಧಾರವಾಡಿ ಎಮ್ಮೆ ಅಷ್ಟು ಹಾಲು ಕೊಡುವುದಿಲ್ಲ, ಆದರೆ ಕಣಿಕಿ (ಜೋಳದ ಒಣ ದಂಟು), ಹೊಟ್ಟಿನ ಮೇಲೆ ಬರಗಾಲ ದಾಟುತ್ತದೆ. ಒಣಭೂಮಿಯ ಮನೆಗೆ ಎರಡು ಧಾರವಾಡಿ ಸಾಕು.

ಆದ್ದರಿಂದಲೇ ಬಿಳಿಜೋಳವನ್ನು ಪೂರ್ತಿ ಕೈಬಿಡಬೇಡಿ. ದರಪಟ್ಟಿಯಲ್ಲಿ ಅದು ಹಿಂದೆ ಇರಬಹುದು. ವರ್ಷದ ರೊಟ್ಟಿ, ದನದ ಮೇವು ಎರಡನ್ನೂ ಅಂಗಡಿಯಿಂದ ಕೊಂಡ ವರ್ಷದ ಲೆಕ್ಕ ಬರೆದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಅಕ್ಕಡಿಯಲ್ಲಿ (ಮುಖ್ಯ ಬೆಳೆಯ ನಡುವಿನ ಸಾಲುಗಳಲ್ಲಿ) ನಾಲ್ಕು ಸಾಲು ಕುಸುಬಿ ಇದ್ದರೆ ಮನೆಗೆ ಎಣ್ಣೆಯೂ ಆಯಿತು.

ಮಾವಿನ ಮಾತು ಎರಡೇ ಸಾಲು. ಕೆಲಗೇರಿ, ಕಲಘಟಗಿಯ ಆಪೂಸ್‌ಗೆ ಹೆಸರಿದೆ, ಆದರೆ ಐದಾರು ವರ್ಷ ಕಾಯಬೇಕು, ಮೇಲೆ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ. ಬೇರೆ ಸಂಬಳವೋ ಬೇರೆ ಹೊಲವೋ ಇದ್ದವರಿಗೆ ಅದು.

ನಾನು ಆರಿಸುವುದಾದರೆ

ನವಲಗುಂದ-ರೋಣದ ಕಡೆ ನೀರಿಲ್ಲದ ಆರು ಎಕರೆ ಎರೆಯ ಮನೆಗೆ: ನಾಲ್ಕು ಎಕರೆ ಹೆಸರು, ಅದರ ಮೇಲೆ ಕಡಲೆ, ಒಂದು ಎಕರೆ ಜೋಳ-ಕುಸುಬಿ, ಉಳಿದ ಒಂದು ಎಕರೆಯಲ್ಲಿ ಮೆಣಸಿನಕಾಯಿ-ಉಳ್ಳಾಗಡ್ಡಿ-ಹತ್ತಿ, ಹಿತ್ತಲಲ್ಲಿ ಎರಡು ಎಮ್ಮೆ. ಬ್ಯಾಡಗಿ, ಶಿಗ್ಗಾಂವಿ ಕಡೆ ಆಳಿರುವ ಮನೆಯಾದರೆ ಅರ್ಧ ಗೋವಿನಜೋಳ ಇರಲಿ, ಇನ್ನರ್ಧದಲ್ಲಿ ಹಳೆಯ ಮಿಶ್ರ ಬೆಳೆ ಮರಳಿ ಬರಲಿ. ಮರುವರ್ಷ ಅವೆರಡರ ಹೊಲ ಅದಲುಬದಲಾಗಬೇಕು. ಎರಡೇ ಎಕರೆ, ಬೋರ್‌ವೆಲ್, ದುಡಿಯುವ ಮಕ್ಕಳಿರುವ ರಾಣೆಬೆನ್ನೂರಿನ ಮನೆಗೆ ಹತ್ತು ಗುಂಟೆ ಬೀಜೋತ್ಪಾದನೆ. ಇಪ್ಪತ್ತು ಗುಂಟೆಗೆ ಮೊದಲ ವರ್ಷವೇ ಹೋಗುವುದು ಬೇಡ.

ಬೆಳೆವಿಮೆಯ ಕಂತಿನಲ್ಲೂ ವ್ಯತ್ಯಾಸವಿದೆ. ಮುಂಗಾರಿ ಆಹಾರ ಧಾನ್ಯ, ಎಣ್ಣೆಕಾಳಿಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ 1.5, ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿಯಂಥ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ 5. ಬೆಳೆ ಸಾಲ ಸಹಕಾರ ಸಂಘದಿಂದ ತೆಗೆದರೆ 5 ಲಕ್ಷದವರೆಗೆ ಬಡ್ಡಿಯಿಲ್ಲ. ಅಂಗಡಿಯ ಉದ್ರಿ ಔಷಧಕ್ಕೆ ಬಡ್ಡಿ ದರದಲ್ಲೇ ಸೇರಿರುತ್ತದೆ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ನೆಲ ನಮ್ಮದು. ಹತ್ತು ಮನೆಯವರು ಕೂಡಿ ಒಂದೇ ಲಾರಿಯಲ್ಲಿ ಆರಿಸಿದ ಡಬ್ಬಿ ಒಯ್ದರೆ ಬಾಡಿಗೆ ಹಂಚಿಹೋಗುತ್ತದೆ, ಖರೀದಿದಾರನೂ ತಿರುಗಿ ನೋಡುತ್ತಾನೆ. ಮಹಿಳಾ ಸಂಘದವರಿಗೆ ಖಾರದ ಪುಡಿ, ಶೇಂಗಾ ಚಟ್ನಿ ಮಾಡಲು ಕಿರು ಆಹಾರ ಸಂಸ್ಕರಣೆಯ ಯೋಜನೆಯಲ್ಲಿ 2025-26ರಲ್ಲಿ ಕೇಂದ್ರದ ಶೇಕಡಾ 35ಕ್ಕೆ ರಾಜ್ಯದ 15 ಸೇರಿ ಅರ್ಧದಷ್ಟು ಸಹಾಯಧನ, ಗರಿಷ್ಠ 15 ಲಕ್ಷ; ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿ ತನಕ ಆರಂಭದ ಬಂಡವಾಳವೂ ಇತ್ತು. ಮೊದಲು ಒಂದು ಗಿರಣಿ, ಒಂದು ಊರ ಸಂತೆ ಗೆದ್ದು ನೋಡಿ, ಆಮೇಲೆ ದೊಡ್ಡ ಮಷಿನ್.

ಬಿತ್ತಿದ ಮೇಲೆ ಒಂದು ಕೆಲಸ ಮರೆಯಬೇಡಿ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬರೆದಿದ್ದಾರೆ, ನಿಮ್ಮ ಫ್ರೂಟ್ಸ್ ಐಡಿಗೆ (ಸರಕಾರದ ರೈತ ನೋಂದಣಿ ಸಂಖ್ಯೆ) ಎಲ್ಲ ಹೊಲ ಸೇರಿವೆಯೇ ಎಂದು ಜುಲೈ-ಆಗಸ್ಟ್‌ನಲ್ಲೇ ನೋಡಿ. ಹೆಸರು ಹಾಕಿದ ಹೊಲಕ್ಕೆ ಗೋವಿನಜೋಳ ಎಂದು ಬಿದ್ದಿದ್ದರೆ ಖರೀದಿ ಕೇಂದ್ರದಲ್ಲಿ ಚೀಲ ಇಳಿಸಿಕೊಳ್ಳುವುದಿಲ್ಲ, ವಿಮೆಯೂ ಬರುವುದಿಲ್ಲ. ಮಿಶ್ರ ಬೆಳೆ ಹಾಕಿದವರು ಒಂದೊಂದು ಬೆಳೆಗೂ ಎಷ್ಟು ಗುಂಟೆ ಬರೆದಿದ್ದಾರೆಂದು ತಲಾಠಿ ಕಚೇರಿಯಲ್ಲಿ ಕೇಳಿ, ತಪ್ಪಿದ್ದರೆ ಆಕ್ಷೇಪಣೆಯ ಗಡುವು ಮುಗಿಯುವುದರೊಳಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.